ಬಾರದೆ ದಡ ಸೇರಿದ ದೋಣಿ

“ನಾಲ್ಕೂವರೆಗೆ ಹುಡುಕ್ಕೊಂಡು ಬರ್ತಾರೆ ಅಂದಿದ್ದೆ ನೀನು,” ಎಂದ ಆಲ್ಬಿ.

ಅಷ್ಟೇ ಅಂದಿದ್ದು. ಎಪ್ಪತ್ತೊಂದು ವರ್ಷದ ಮನುಷ್ಯ, ಶನಿವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದವರೆಗೆ ಎಂಜಿನ್ ಕೆಟ್ಟ ತಗಡಿನ ದೋಣಿಯಲ್ಲಿ ಕೊಲ್ಲಿಯ ನಡುವೆ ತೇಲಿ, ಏಡಿ ಹಿಡಿಯುವವರ ಕಣ್ಣಿಗೆ ಹೇಗೋ ಬಿದ್ದು ಬದುಕಿದವನು, ಆಸ್ಪತ್ರೆಯ ದಿಂಬಿಗೊರಗಿ ಮಗಳು ಮೆರಿನ್‌ಗೆ ಹೇಳಿದ್ದು ಅಷ್ಟೇ. ಆ ದೇಶದಲ್ಲಿ ಚಳಿ ಶುರುವಾಗುವ ಮೇ ತಿಂಗಳಲ್ಲಿ, ದೋಣಿಯೊಳಗೆ ನಿಂತ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆದ ಪಾದಗಳು ಬಟ್ಟೆ ಸುತ್ತಿಸಿಕೊಂಡು ಹೊದಿಕೆಯಾಚೆ ಚಾಚಿದ್ದವು. ಕೂಗಾಡಿದ್ದರೆ ಮೆರಿನ್‌ಗೆ ಎಷ್ಟೋ ವಾಸಿಯಾಗುತ್ತಿತ್ತು. ಕೂಗಾಟಕ್ಕೆ ತಿರುಗಿ ಕೂಗಬಹುದು. ಹೀಗೆ ಮೆಲ್ಲಗೆ ಕೇಳಿದರೆ ಏನು ಮಾಡುವುದು?

“ಏನಾಯ್ತು ಅಂತ ನೋಡ್ತಿದ್ದೀನಿ ಅಪ್ಪ,” ಎಂದಳು.

“ನೋಡು,” ಎಂದು ಅವನು ಕಿಟಕಿಯ ಕಡೆ ಮುಖ ತಿರುಗಿಸಿದ.

ಟರ್ನ್‌ಸ್ಟೋನ್ ಬೇ ಊರಿನಲ್ಲಿ ಆಲ್ಬಿಯಂಥ ಹಟಮಾರಿ ಇನ್ನೊಬ್ಬನಿರಲಿಲ್ಲ. ಕಡಲಿಗಿಳಿಯುವವರು ರೇಡಿಯೋದಲ್ಲಿ ರಕ್ಷಣಾ ಠಾಣೆಗೆ ‘ಹೊರಟೆ’ ಎನ್ನಬೇಕು, ಮರಳಿದ ಮೇಲೆ ‘ಬಂದೆ’ ಎನ್ನಬೇಕು. ಆಲ್ಬಿ ನಲವತ್ತು ವರ್ಷ ಎರಡನ್ನೂ ಅಂದವನಲ್ಲ. “ನಾನೆಲ್ಲಿ ಹೋಗ್ತೀನಿ ಅಂತ ಕಾಣೆ ಮೀನಿಗೆ ಗೊತ್ತಿದ್ರೆ ಸಾಕು, ಊರಿಗೆಲ್ಲ ಯಾಕೆ?” ಎನ್ನುತ್ತಿದ್ದ. ಎರಡು ವರ್ಷದ ಕೆಳಗೆ ಆ ಠಾಣೆಗೆ ಪ್ರೋಗ್ರಾಮ್ ಬರೆದವಳು ಅವನ ಮಗಳೇ. ಅವಳು ಅವನನ್ನು ಅಡುಗೆಮನೆಯ ಮೇಜಿಗೆ ಕೂರಿಸಿಕೊಂಡು ಮಗುವಿಗೆ ಹೇಳುವಂತೆ ಹೇಳಿದ್ದಳು: “ನಾಲ್ಕಕ್ಕೆ ಬರ್ತೀನಿ ಅಂದು ನೀನು ಬರದಿದ್ರೆ ಠಾಣೆ ಕಂಪ್ಯೂಟರಿನ ತೆರೆ ಕೆಂಪಾಗುತ್ತೆ. ನಾಲ್ಕೂವರೆಗೆ ಅವರ ದೋಣಿ ಹೊರಡುತ್ತೆ. ನೀನು ಇದ್ದಲ್ಲೇ ಇರು ಸಾಕು. ನಾನು ಬರೆದಿರೋದು ಕಣಪ್ಪ, ಅದು ನಿನ್ನ ಮರೆಯಲ್ಲ.” ಅಂದಿನಿಂದ ಆಲ್ಬಿ ಹೇಳಿಯೇ ಹೋದ, ಬಂದಾಗಲೂ ಹೇಳಿದ. ರೇಡಿಯೋದ ಮಾತು ನೇರವಾಗಿ ಮಗಳಿಗೇ ಕೇಳಿಸುತ್ತದೆ ಎಂಬಂತೆ ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದ.

ಮೆರಿನ್ ಅವನಿಗೆ ಹೇಳದೆ ಬಿಟ್ಟ ಒಂದು ಮಾತಿತ್ತು. ಶನಿವಾರ ಸಂಜೆ ಆರಕ್ಕೆ ಅವಳು ಫೋನಿನಲ್ಲಿ ಅಪ್ಪನ ದೋಣಿಯನ್ನು ನೋಡಿದ್ದಳು. ಹೆಸರಿನ ಮುಂದೆ ಹಸಿರು ಚುಕ್ಕಿ, ‘ದಡದಲ್ಲಿದೆ’. ಸರಿ ಎಂದು ಆಲೂಗಡ್ಡೆಯನ್ನು ಒಲೆಗಿಟ್ಟು, ತಿಂದು, ನೆಮ್ಮದಿಯಾಗಿ ಮಲಗಿದ್ದಳು. ಆ ಹೊತ್ತಿಗೆ ಅಪ್ಪ ಕತ್ತಲೆಯಲ್ಲಿ ತಗಡಿನ ಡಬ್ಬಿಯಿಂದ ನೀರು ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದ.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯಿಂದ ನೇರವಾಗಿ ಕಚೇರಿಗೆ ಹೋಗಿ ಅವಳು ಆ ದೋಣಿಯ ದಾಖಲೆಯನ್ನು ತೆರೆದಳು. ಅವಳು ಬರೆದ ಪ್ರೋಗ್ರಾಮಿನೊಳಗೆ ಒಂದೊಂದು ದೋಣಿಯೂ ಒಂದೊಂದು ವಸ್ತು. ತನ್ನ ಹೆಸರು ಅದಕ್ಕೆ ಗೊತ್ತು, ತಾನೀಗ ಯಾವ ಸ್ಥಿತಿಯಲ್ಲಿದ್ದೇನೆ ಎಂಬುದೂ ಗೊತ್ತು. ಸ್ಥಿತಿಗಳು ನಾಲ್ಕೇ: ದಡದಲ್ಲಿದೆ, ನೀರಲ್ಲಿದೆ, ತಡವಾಗಿದೆ, ಹುಡುಕಾಟದಲ್ಲಿದೆ. ‘ನೀನು ದಡದಲ್ಲಿದ್ದೀಯ’ ಎಂದು ಹೊರಗಿನವರು ಯಾರೂ ಅದಕ್ಕೆ ಹೇಳುವಂತಿಲ್ಲ. ಏನಾಯಿತು ಎಂದಷ್ಟೇ ಹೇಳಬಹುದು. ಹೊರಟಿತು, ಗಂಟೆ ಮೀರಿತು, ದೋಣಿಯವನ ದನಿ ಕೇಳಿಸಿತು, ಇಂಥವರು ಕಣ್ಣಾರೆ ಕಂಡರು, ಹೀಗೆ. ಅದನ್ನು ಕೇಳಿಸಿಕೊಂಡು ದೋಣಿ ತನ್ನ ಸ್ಥಿತಿಯನ್ನು ತಾನೇ ಬದಲಿಸಿಕೊಳ್ಳುತ್ತದೆ, ಬದಲಿಸಿಕೊಂಡಾಗಲೆಲ್ಲ ಒಂದು ಸಾಲು ಬರೆದಿಡುತ್ತದೆ.

ಅಪ್ಪನ ದೋಣಿಯ ದಾಖಲೆಯಲ್ಲಿ ಶನಿವಾರದ ಸಾಲುಗಳು ಎರಡೇ ಇದ್ದವು. ಬೆಳಿಗ್ಗೆ ಆರೂ ಹತ್ತು, ಹೊರಟಿತು. ಸಂಜೆ ನಾಲ್ಕು, ಗಂಟೆ ಮೀರಿತು. ಅದರ ಕೆಳಗೆ ಖಾಲಿ. ದನಿ ಕೇಳಿಸಲಿಲ್ಲ, ಯಾರೂ ಕಾಣಲಿಲ್ಲ. ಆದರೂ ಮೇಲೆ ಹಸಿರು ಚುಕ್ಕಿ ಹಲ್ಲು ಕಿರಿಯುತ್ತಿತ್ತು, ದಡದಲ್ಲಿದೆ ಎಂದು. ಬಾರದೇ ದಡ ಸೇರಿದ ದೋಣಿ. ಅವಳು ಬರೆದ ಪ್ರೋಗ್ರಾಮಿನಲ್ಲಿ ಇದು ಆಗಲು ಸಾಧ್ಯವೇ ಇರಲಿಲ್ಲ. ಯಾರೋ ಗೋಡೆ ಒಡೆದು ಬಾಗಿಲಿಟ್ಟಿದ್ದರು.

ಯಾರೋ ಎಂದರೆ ಇನ್ಯಾರು? ಆ ಕಂಪನಿಯಲ್ಲಿ ಇದ್ದವರೇ ಇಬ್ಬರು.

ಲೈಲ್ ಪ್ಯಾಸ್ಕೋ ಅವಳನ್ನು ಈ ಕೆಲಸಕ್ಕೆ ತಂದವನು. ಹತ್ತೊಂಬತ್ತು ವರ್ಷದ ಹಿಂದೆ ಅವಳು ಕಚೇರಿಯ ಕೆಳಗಿನ ಬೇಕರಿಯಲ್ಲಿ ಪೇಸ್ಟಿ ಎಂಬ ಆಲೂಗಡ್ಡೆ ಕಡುಬು ಮಾರುತ್ತಿದ್ದಳು. ಒಂದೇ ಸಲಕ್ಕೆ ಇಪ್ಪತ್ತು ಜನರ ಆರ್ಡರನ್ನು ಚೀಟಿಯಿಲ್ಲದೆ ನೆನಪಿಟ್ಟುಕೊಳ್ಳುವ ಹುಡುಗಿಯನ್ನು ಕಂಡು, “ಈ ತಲೆಯನ್ನ ಆಲೂಗಡ್ಡೆಗೆ ಯಾಕೆ ದಂಡ ಮಾಡ್ತೀಯ?” ಎಂದು ಮಹಡಿಗೆ ಕರೆತಂದ. ಮೊದಲ ವಾರ ಅವಳು ಬರೆದದ್ದನ್ನು ಓದಿ ಅವನು ಪಕ್ಕಕ್ಕಿಟ್ಟ. ಎದ್ದುಹೋಗಿ ನಲ್ಲಿಯ ನೀರನ್ನು ಕೆಟಲ್‌ಗೆ ತುಂಬಿಸಿದ, ಅದರ ಮುಂದೆ ಬಗ್ಗಿ, “ಕೆಟಲಪ್ಪಾ, ನೀನು ಕುದಿದಿದ್ದೀಯ,” ಎಂದು ಗಂಭೀರವಾಗಿ ಹೇಳಿ, ಆ ತಣ್ಣೀರನ್ನೇ ಅವಳ ಟೀ ಚೀಲದ ಮೇಲೆ ಹುಯ್ದ. ಪೂರ್ತಿ ಕುಡಿಯುವವರೆಗೆ ಬಿಡಲಿಲ್ಲ. “ಏನಾಯ್ತು ಅಂತ ಹೇಳು. ಏನಾಗಿದ್ದೀನಿ ಅಂತ ಅದೇ ಹೇಳುತ್ತೆ,” ಎಂದ. ಅವಳು ನಕ್ಕು ನಕ್ಕು ಸಾಕಾಗಿದ್ದಳು. ಆಮೇಲಿನ ಹತ್ತೊಂಬತ್ತು ವರ್ಷದಲ್ಲಿ ಅವಳು ಬರೆದಿದ್ದೆಲ್ಲ ಆ ತಣ್ಣನೆಯ ಟೀಯಿಂದ ಹುಟ್ಟಿದ್ದು.

ಅವಳು ಬದಲಾವಣೆಗಳ ಪಟ್ಟಿಯನ್ನು ಹಿಂದೆ ಹಿಂದೆ ಸರಿಸಿದಳು. ಏಪ್ರಿಲ್ ಮೊದಲ ಶುಕ್ರವಾರದಲ್ಲಿ ಸಿಕ್ಕಿತು. ‘ಗುಂಡಿಗಳ ಬಣ್ಣ ಬದಲು’ ಎಂದು ಹೆಸರು, ಬರೆದವನು ಲೈಲ್. ನೂರನಲವತ್ತು ಸಾಲು ಬಣ್ಣವೇ. ನಡುವೆ ಮೂರು ಸಾಲು ಮಾತ್ರ ಬೇರೆ. ದೋಣಿಯ ಸ್ಥಿತಿಯನ್ನು ಹೊರಗಿನಿಂದ ಯಾರು ಬೇಕಾದರೂ ಇಡಬಹುದು, ದೋಣಿಯನ್ನು ಕೇಳಬೇಕಿಲ್ಲ, ದಾಖಲೆಯಲ್ಲಿ ಸಾಲು ಬರೆಯಬೇಕಿಲ್ಲ. ಕೆಳಗೆ ಒಪ್ಪಿಗೆ ಕೊಟ್ಟವರ ಹೆಸರು: ಮೆರಿನ್.

ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಿಗೆ ಒತ್ತದೆ ಯಾವ ಸಾಲೂ ಒಳಗೆ ಹೋಗಬಾರದು ಎಂಬುದು ಈ ಕಸುಬಿನ ನಿಯಮ. ಆ ಶುಕ್ರವಾರ ಅವಳಿಗೆ ನೆನಪಿತ್ತು. ಕೋಟು ಹಾಕಿಕೊಂಡು ಹೊರಟವಳನ್ನು ಲೈಲ್ ತನ್ನ ಕುರ್ಚಿಯಿಂದಲೇ ಕೂಗಿದ್ದ, “ಬರೀ ಬಣ್ಣ ಕಣಮ್ಮ, ಒಂದು ಒಪ್ಪಿಗೆ ಕುಟ್ಟಿ ಹೋಗು.” ಕುಟ್ಟಿ ಹೋಗಿದ್ದಳು. ಹೊಸಬರು ಬರೆದದ್ದನ್ನು ಓದಬೇಕು, ಲೈಲ್ ಬರೆದದ್ದನ್ನು ಏನು ಓದುವುದು? ಈ ಕಸುಬಿನವರೆಲ್ಲ ಮಾಡುವ ಪಾಪ ಇದು, ಮಾಡಿ ಇದಕ್ಕೆ ನಂಬಿಕೆ ಎಂದು ಹೆಸರಿಟ್ಟುಕೊಳ್ಳುತ್ತಾರೆ.

ಒಂಬತ್ತಕ್ಕೆ ಲೈಲ್ ಎರಡು ಪೇಸ್ಟಿ ಹಿಡಿದು ಮೆಟ್ಟಿಲು ಹತ್ತಿ ಬಂದ. ಅವಳು ತೆರೆಯನ್ನು ಅವನ ಕಡೆ ತಿರುಗಿಸಿದಳು.

“ಇದೇನು ಲೈಲ್?”

ಅವನು ನೋಡಿದ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡ. “ಓ. ಅದಾ.”

“ಅದಾ ಅಂದ್ರೆ?”

“ಠಾಣೆಯವರು ನನ್ನ ಪ್ರಾಣ ತಿಂತಿದ್ರು ಕಣೆ. ‘ಬಂದೆ’ ಅಂತ ಹೇಳೋದನ್ನ ಮರೆತು ನೇರ ಪಬ್ಬಿಗೆ ಹೋಗಿ ಕೂರ್ತಾರೆ ಜನ, ಅಲ್ಲಿ ತೆರೆ ತುಂಬ ಕೆಂಪು. ಶನಿವಾರ ಆದ್ರೆ ಸಾಕು ಅಲ್ಲಿ ರೇಡಿಯೋ ನೋಡ್ಕೊಳ್ಳೋ ಥೆಲ್ಮಾ ಫೋನು. ಎಲ್ಲಾ ಒಂದೇ ಸಲ ಹಸಿರು ಮಾಡೋ ಗುಂಡಿ ಕೊಡಿ ಅಂತ. ನಿನ್ನ ಕೇಳಿದ್ದಕ್ಕೆ ಆಗಲ್ಲ ಅಂದುಬಿಟ್ಟೆ.”

“ಆಗಲ್ಲ ಅಂತ ಕಲಿಸಿದ್ದೇ ನೀನು.”

“ಕಲಿಸೋದು ಬೇರೆ, ಊರಲ್ಲಿ ಬದುಕೋದು ಬೇರೆ.”

“ಬರೀ ಬಣ್ಣ ಅಂದೆ ನನಗೆ.”

“ಬಣ್ಣಾನೂ ಇತ್ತಲ್ಲ,” ಎಂದ ಲೈಲ್.

ಅವಳು ತೆರೆಯನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡಳು. ಒಳಗೆ ಎದ್ದದ್ದನ್ನು ಸಿಟ್ಟು ಎನ್ನಲು ಅವಳಿಗೆ ಇನ್ನೂ ಮನಸ್ಸು ಬರಲಿಲ್ಲ. ಹತ್ತೊಂಬತ್ತು ವರ್ಷದ ಋಣ ಒಂದು ಬೆಳಗಿನಲ್ಲಿ ಕಳಚಿಹೋಗುವುದಿಲ್ಲವಲ್ಲ. ಲೈಲ್ ನೀರು ಕಾಯಿಸಿದ, ಅವಳಿಗೆ ಎರಡು ಚಮಚ ಸಕ್ಕರೆ ಹಾಕಿ ಟೀ ಮಾಡಿಕೊಟ್ಟ, ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತ.

“ನಾಳೆ ಠಾಣೇಲಿ ಸಭೆ ಕರೆದಿದ್ದಾರೆ. ನಾನೇ ಹೇಳ್ತೀನಿ, ಇದು ನನ್ನ ಕೆಲಸ ಅಂತ. ನೀನು ಬಾಯಿ ಬಿಡೋದೇ ಬೇಡ, ಆಯ್ತಾ? ಅಪ್ಪನ ನೋಡ್ಕೊಂಡು ನೀನೇ ಸೋತು ಹೋಗಿದ್ದೀಯ.”

ಅವಳು ತಲೆಯಾಡಿಸಿದಳು. ಟೀ ಬಿಸಿಯಾಗಿತ್ತು. ನಂಬಿದಳು.

ಮಂಗಳವಾರ ಹತ್ತಕ್ಕೆ ಠಾಣೆಯ ದೊಡ್ಡ ಕೋಣೆಯಲ್ಲಿ ಕುರ್ಚಿಗಳನ್ನು ಸುತ್ತ ಹಾಕಿದ್ದರು. ಮೂಲೆಯ ಮೇಜಿನಲ್ಲಿ ಟೀ ಹಂಡೆ, ಒಂದು ತಟ್ಟೆ ಲ್ಯಾಮಿಂಗ್ಟನ್, ಕೊಬ್ಬರಿ ಉದುರಿಸಿದ ಚಾಕೊಲೇಟ್ ಕೇಕು. ಈ ಊರಿನಲ್ಲಿ ಯಾರಾದರೂ ಸತ್ತರೂ, ಉಳಿದರೂ ಲ್ಯಾಮಿಂಗ್ಟನ್ ಬರುತ್ತದೆ. ಅಧ್ಯಕ್ಷ ಬ್ರೆಂಟನ್ ಹೇಗ್ ಪುಸ್ತಕ ತೆರೆದು ಪೆನ್ನು ಹಿಡಿದು ಕೂತ. ಶನಿವಾರ ರೇಡಿಯೋದ ಮುಂದೆ ಕೂತಿದ್ದ ಥೆಲ್ಮಾ ನೋಸ್ಕೆ, ಎಪ್ಪತ್ತರ ಹೆಂಗಸು, ಕರವಸ್ತ್ರವನ್ನು ಹಿಂಡುತ್ತಾ ಮೊದಲು ಮಾತಾಡಿದಳು.

“ಐದು ದೋಣಿ ಕೆಂಪಾಗಿತ್ತು. ಅದ್ರಲ್ಲಿ ನಾಲ್ಕು ದೋಣಿಯ ಜನ ಫುಟ್‌ಬಾಲ್ ಮೈದಾನದಲ್ಲೇ ಇದ್ರು, ಕಿಟಕಿಯಿಂದ ಕಾಣ್ತಿದ್ರು. ಆಟದ ಕೊನೇ ಕಾಲು ಭಾಗ ನಡೀತಿತ್ತು, ನನ್ನ ಮೊಮ್ಮಗ ಆಡ್ತಿದ್ದ. ನಾಲ್ಕೂ ಇಪ್ಪತ್ತಕ್ಕೆ ಆ ಗುಂಡಿ ಒತ್ತಿಬಿಟ್ಟೆ. ಐದೂ ಹಸಿರಾಯ್ತು. ಐದನೇದು ಯಾರದ್ದು ಅಂತ ನೋಡಲಿಲ್ಲ.” ಅವಳು ಮೆರಿನ್ ಕಡೆ ತಿರುಗಿದಳು. “ಆ ಗುಂಡಿಗೆ ನೀನು ಒಪ್ಪಿದ್ದೀಯ ಅಂದ್ರು ಕಂದ. ನೀನು ಒಪ್ಪಿದ ಮೇಲೆ ಅದರೊಳಗೆ ಏನಾದ್ರೂ ಲೆಕ್ಕ ಇರುತ್ತೆ, ನೀರಲ್ಲಿರೋದನ್ನ ಅದು ಹಸಿರು ಮಾಡಲ್ಲ ಅಂತ ಅಂದ್ಕೊಂಡೆ.”

“ಯಾರು ಅಂದ್ರು ಥೆಲ್ಮಾ?” ಎಂದು ಬ್ರೆಂಟನ್ ಕೇಳಿದ.

ಥೆಲ್ಮಾ ಲೈಲ್ ಕಡೆ ನೋಡಿದಳು. ಮೆರಿನ್ ಕೂಡ ನೋಡಿದಳು. ಈಗ ಹೇಳುತ್ತಾನೆ ಎಂದುಕೊಂಡಳು.

ಲೈಲ್ ಎದ್ದು ನಿಂತ. ಅವನದು ಒಳ್ಳೆಯ ದನಿ, ಮದುವೆಗಳಲ್ಲಿ ಭಾಷಣಕ್ಕೆ ಅವನನ್ನೇ ಕರೆಯುತ್ತಾರೆ. “ನೋಡಿ, ದೋಣಿಗಳ ಸ್ಥಿತಿಯ ಭಾಗವನ್ನ ಮೊದಲಿಂದ ನೋಡ್ಕೊಳ್ಳೋದು ಮೆರಿನ್. ಈ ಬದಲಾವಣೆಗೆ ಒಪ್ಪಿಗೆ ಕೊಟ್ಟಿರೋದೂ ಅವಳೇ, ದಾಖಲೆ ಇದೆ. ಎಂಥವರಿಗೂ ಕಣ್ತಪ್ಪು ಆಗುತ್ತೆ. ನನ್ನದೊಂದೇ ವಿನಂತಿ. ಸ್ವಂತ ತಂದೆಯೇ ಆಸ್ಪತ್ರೇಲಿರುವಾಗ ಈ ಹುಡುಗಿಗೆ ಯಾರೂ ಒಂದು ಮಾತು ಅನ್ನಬೇಡಿ. ಅವಳ ಶಿಕ್ಷೆ ಅವಳಿಗಾಗಿದೆ.”

ಸುತ್ತ ಕೂತವರೆಲ್ಲ ಮರುಕದಿಂದ ತಲೆಯಾಡಿಸಿದರು. ಯಾರೋ ಅವಳ ಭುಜ ಸವರಿದರು. ಯಾರೋ ಲ್ಯಾಮಿಂಗ್ಟನ್ ತಟ್ಟೆಯನ್ನು ಅವಳ ಕಡೆ ಸರಿಸಿದರು. ಬ್ರೆಂಟನ್ ಪುಸ್ತಕದಲ್ಲಿ ಬರೆಯುತ್ತಾ ಗಟ್ಟಿಯಾಗಿ ಓದಿದ, “ಪರಿಶೀಲಿಸಿದವರ ಕಣ್ತಪ್ಪು.” ಮೆರಿನ್ ಮಾತಾಡಲು ಬಾಯಿ ತೆರೆದಳು. ಏನು ಹೇಳುವುದು? ಲೈಲ್ ಆಡಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಸ್ಥಿತಿಯ ಭಾಗ ಅವಳದೇ, ಒಪ್ಪಿಗೆ ಅವಳದೇ, ಅಪ್ಪನೂ ಅವಳವನೇ. ನಿಜಗಳನ್ನೇ ಆರಿಸಿ ಪೋಣಿಸಿ ಅವಳ ಕೊರಳಿಗೆ ಹಾಕಿದ್ದ. ಸುಳ್ಳು ಹೇಳಿದ್ದರೆ ಎದ್ದು ಹರಿಹಾಯಬಹುದಿತ್ತು.

ಹೊರಗೆ ಕಾರಿನ ಬಳಿ ಲೈಲ್ ಓಡಿಬಂದು ಅವಳನ್ನು ಹಿಡಿದ.

“ಬೇಜಾರು ಮಾಡ್ಕೋಬೇಡ್ವೇ. ಯೋಚನೆ ಮಾಡು. ಸಿಕ್ಕಿಹಾಕ್ಕೊಂಡಿದ್ದು ನಿಮ್ಮಪ್ಪ. ನಿನ್ನನ್ನ ಯಾರೂ ಏನೂ ಅನ್ನಲ್ಲ. ಅದೇ ನಾನು ಅಂದಿದ್ರೆ? ಈ ಊರಲ್ಲಿ ತಲೆ ಎತ್ಕೊಂಡು ಓಡಾಡೋಕೆ ಬಿಡ್ತಿದ್ರಾ ನನ್ನ? ಹೇಗಿದ್ರೂ ಒಬ್ರ ಹೆಸರು ಬರಬೇಕಿತ್ತು.”

ಅವಳು ಅವನ ಮುಖವನ್ನು ದಿಟ್ಟಿಸಿದಳು. ಗಾಬರಿ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಒಳ್ಳೆಯ ಉಪಾಯ ಹೊಳೆದವನ ಸಮಾಧಾನವಿತ್ತು.

“ಆ ಕೆಟಲ್ ನೆನಪಿದೆಯಾ ಲೈಲ್?” ಎಂದಳು.

“ಯಾವ ಕೆಟಲ್?”

ನಿಜಕ್ಕೂ ಮರೆತಿದ್ದ. ಅವಳು ಇಷ್ಟು ವರ್ಷ ಹೊತ್ತು ತಿರುಗಿದ ಆ ಪಾಠ ಅವನಿಗೆ ಒಂದು ಮಧ್ಯಾಹ್ನದ ತಮಾಷೆ, ಅಷ್ಟೇ. ಗುಂಡಿಗಿಂತ, ಸಭೆಗಿಂತ ಇದು ಅವಳನ್ನು ಹೆಚ್ಚು ಸುಟ್ಟಿತು. ಕಾರು ಹತ್ತಿ ಹೊರಟಳು.

ಕಚೇರಿಗೆ ಹೋಗಿ ಬಾಗಿಲು ಹಾಕಿಕೊಂಡು ಆ ಮೂರು ಸಾಲನ್ನು ತೆಗೆದಳು. ತೆಗೆಯಲು ಎರಡು ನಿಮಿಷ ಸಾಕು. ಆದರೆ ತೆಗೆದದ್ದು ಜಾರಿಯಾಗಬೇಕಾದರೆ ಇನ್ನೊಬ್ಬರು ಓದಿ ಒಪ್ಪಬೇಕು, ಇನ್ನೊಬ್ಬರೆಂದರೆ ಲೈಲ್ ಒಬ್ಬನೇ. ಬದಲಾವಣೆಯ ಜೊತೆ ಕಾರಣ ಬರೆಯಲು ಒಂದು ಜಾಗವಿರುತ್ತದೆ. ಸಾಮಾನ್ಯವಾಗಿ ಅಲ್ಲಿ ಒಂದು ಸಾಲು ಬರೆಯುತ್ತಾರೆ. ಮೆರಿನ್ ಒಂದು ಪುಟ ಬರೆದಳು.

ಯಾರು ಎಂಥವರು ಎಂದು ಬರೆಯಲಿಲ್ಲ. ಮೋಸ ಎಂಬ ಪದ ಬೆರಳ ತುದಿಗೆ ಬಂದು ಬಂದು ಹೋಯಿತು, ಹಾಕಲಿಲ್ಲ. ಏನಾಯಿತು ಎಂದಷ್ಟೇ, ಆದ ಕ್ರಮದಲ್ಲಿ ಬರೆದಳು. ಗುಂಡಿ ಬೇಡವೆಂದು ಮೆರಿನ್ ಹೇಳಿದ್ದಳು. ಲೈಲ್ ಅದನ್ನು ಬಣ್ಣದ ಬದಲಾವಣೆಯೊಳಗೆ ಸೇರಿಸಿದ. ಬರೀ ಬಣ್ಣ ಎಂದು ಹೇಳಿ ಮೆರಿನ್ ಬಳಿ ಒಪ್ಪಿಗೆ ಪಡೆದ. ಮೆರಿನ್ ಓದದೆ ಒತ್ತಿದಳು. ಮೆರಿನ್ ಒಪ್ಪಿದ್ದಾಳೆ ಎಂದು ಲೈಲ್ ಠಾಣೆಯಲ್ಲಿ ಹೇಳಿದ. ಥೆಲ್ಮಾ ಅದನ್ನು ನಂಬಿ ಗುಂಡಿ ಒತ್ತಿದಳು. ನೀರಲ್ಲಿದ್ದ ದೋಣಿ ದಡದಲ್ಲಿದೆ ಎಂದಾಯಿತು. ಆರು ಗಂಟೆಗೆ ಮೆರಿನ್ ಹಸಿರು ಚುಕ್ಕಿ ನೋಡಿದಳು, ತಂದೆಗೆ ಫೋನ್ ಮಾಡಲಿಲ್ಲ, ಮಲಗಿದಳು. ತಪ್ಪನ್ನು ತಾನೇ ಹೇಳುತ್ತೇನೆಂದು ಲೈಲ್ ಸೋಮವಾರ ಮಾತು ಕೊಟ್ಟ. ಮಂಗಳವಾರ ಹೇಳಲಿಲ್ಲ.

ಕೊನೆಗೆ ಒಂದು ಸಾಲು ಸೇರಿಸಿದಳು: ಇದಕ್ಕೆ ಒಪ್ಪಿಗೆ ಒತ್ತುವವರು ಮೇಲೆ ಬರೆದದ್ದೆಲ್ಲ ನಿಜವೆಂದು ಒಪ್ಪಿದಂತೆ. ಲೈಲ್‌ಗೆ ಕಳಿಸಿದಳು.

ಓದುತ್ತಾನೆ, ಫೋನ್ ಮಾಡುತ್ತಾನೆ, ಬೈಯುತ್ತಾನೆ, ಬೇಡಿಕೊಳ್ಳುತ್ತಾನೆ ಎಂದುಕೊಂಡಳು. ಏನು ಉತ್ತರ ಕೊಡಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ಒಪ್ಪಿಗೆ ಬಂತು. ಕಳಿಸಿದ ನಾಲ್ಕನೇ ಸೆಕೆಂಡಿಗೆ. ಲೈಲ್ ಪ್ಯಾಸ್ಕೋ, ಮೇಲೆತ್ತಿದ ಹೆಬ್ಬೆರಳ ಚಿತ್ರ, ‘ಚೆನ್ನಾಗಿದೆ’.

ನಾಲ್ಕು ಸೆಕೆಂಡಿನಲ್ಲಿ ಒಂದು ಪುಟ ಯಾರೂ ಓದಲಾರರು. ಅವಳು ಪಟ್ಟಿಯನ್ನು ಹಿಂದಕ್ಕೆ ಸರಿಸಿ ನೋಡಿದಳು. ಹೋದ ತಿಂಗಳದ್ದು, ಹೋದ ವರ್ಷದ್ದು, ಠಾಣೆಯ ಪ್ರೋಗ್ರಾಮ್ ಮೊದಲು ಬರೆದಾಗಿನದ್ದು. ಅವಳು ವಾರಗಟ್ಟಲೆ ತಲೆ ಕೆಡಿಸಿಕೊಂಡು ಬರೆದ ಒಂದೊಂದಕ್ಕೂ ಐದು ಸೆಕೆಂಡು, ಮೂರು ಸೆಕೆಂಡು, ಆರು ಸೆಕೆಂಡು, ಹೆಬ್ಬೆರಳು, ಚೆನ್ನಾಗಿದೆ. ಈ ಪ್ರೋಗ್ರಾಮಿನಲ್ಲಿ ಅವಳು ಬರೆದ ಒಂದನ್ನೂ ಅವನು ಓದಿರಲಿಲ್ಲ. ಇಷ್ಟು ಕಾಲ ಅವಳು ಅದನ್ನು ನಂಬಿಕೆ ಎಂದುಕೊಂಡು ಹೆಮ್ಮೆಪಟ್ಟಿದ್ದಳು.

ಅತ್ತಳು. ಬೇಕರಿಯವರಿಗೆ ಕೇಳಿಸುವಷ್ಟು ಜೋರಾಗಿಯೇ ಅತ್ತಳು. ಆಮೇಲೆ ಮುಖ ತೊಳೆದುಕೊಂಡು, ಆ ಪುಟವನ್ನು ಒಪ್ಪಿಗೆಯ ಸಮೇತ ಎರಡು ಪ್ರತಿ ಮುದ್ರಿಸಿ, ಒಂದನ್ನು ಬ್ರೆಂಟನ್ ಮನೆಯ ಅಂಚೆ ಪೆಟ್ಟಿಗೆಗೆ ಹಾಕಿ, ಇನ್ನೊಂದನ್ನು ಹಿಡಿದು ಆಸ್ಪತ್ರೆಗೆ ಹೋದಳು.

ಆಲ್ಬಿಗೆ ಮಧ್ಯಾಹ್ನದ ಸೂಪು ಬಂದಿತ್ತು. ತಟ್ಟೆ ಸರಿಸಿ ಕನ್ನಡಕ ಹುಡುಕಿ ಹಾಕಿಕೊಂಡ. ಸಾಲಿನ ಕೆಳಗೆ ಬೆರಳಿಟ್ಟು ಓದಿದ. ಅವನ ಓದು ನಿಧಾನ, ಒಂದು ಅಕ್ಷರ ಬಿಡಲಿಲ್ಲ. ಮೆರಿನ್ ಆ ಬೆರಳನ್ನೇ ನೋಡುತ್ತಾ ಕೂತಳು. ಅವಳು ಬರೆದದ್ದನ್ನು ಕೊನೆಗೂ ಒಬ್ಬರು ಪೂರ್ತಿ ಓದುತ್ತಿದ್ದರು. ಬೆರಳು ಹಸಿರು ಚುಕ್ಕಿಯ ಸಾಲಿಗೆ ಬಂದು ನಿಂತಿತು.

“ನೋಡಿದ್ದೆಯಾ ನೀನು? ಶನಿವಾರ?”

“ಹೂಂ.”

“ಫೋನ್ ಮಾಡ್ಲಿಲ್ಲ.”

“ಇಲ್ಲಪ್ಪ. ಹಸಿರಿತ್ತು.”

ಆಲ್ಬಿ ಮುಂದಿನ ಸಾಲುಗಳನ್ನೂ ಓದಿ ಮುಗಿಸಿದ. ಲೈಲ್ ಹೆಸರಿನ ಮುಂದಿನ ಹೆಬ್ಬೆರಳ ಚಿತ್ರವನ್ನು ನೋಡಿ ಕನ್ನಡಕ ತೆಗೆದ. ಲೈಲ್ ಅವನಿಗೆ ಯಾರೂ ಅಲ್ಲ, ಅವನ ಮೇಲೆ ಆಲ್ಬಿ ಏನನ್ನೂ ನಂಬಿ ಬಿಟ್ಟಿರಲಿಲ್ಲ.

“ದೋಣೀಲಿ ಹುಟ್ಟು ಇತ್ತು,” ಎಂದ.

ಮೆರಿನ್ ತಲೆ ಎತ್ತಿದಳು.

“ಮೂರಕ್ಕೆ ಎಂಜಿನ್ ಕೆಟ್ಟಾಗ ರೇಡಿಯೋನೂ ಸತ್ತಿತ್ತು, ಫೋನು ಮನೇಲಿತ್ತು, ಆದ್ರೆ ಜೆಟ್ಟಿ ಕಣ್ಣಿಗೆ ಕಾಣ್ತಿತ್ತು. ಅಲೆ ಇಲ್ಲ, ಗಾಳಿ ಇಲ್ಲ. ಒಂದು ಗಂಟೆ ಹುಟ್ಟು ಹಾಕಿದ್ರೆ ಮನೆ ಸೇರ್ತಿದ್ದೆ. ಇದ್ದಲ್ಲೇ ಇರು ಅಂದಿದ್ದೆಯಲ್ಲ ನೀನು, ಕೂತೆ. ಸ್ಯಾಂಡ್‌ವಿಚ್ ತಿಂದೆ. ನಾಲ್ಕೂವರೆ ಆಯ್ತು, ಐದಾಯ್ತು. ಬರ್ತಾಳೆ, ಹಾಗೆ ಮರೆಯೋಳಲ್ಲ ಅಂದ್ಕೊಂಡೆ. ಏಳಕ್ಕೆ ಪೂರ್ವದ ಗಾಳಿ ಎದ್ದು ದೋಣಿಯನ್ನ ಹೊರಕ್ಕೆ ತಳ್ತು. ಆಮೇಲೆ ಹುಟ್ಟು ಹಾಕಿ ಏನು ಪ್ರಯೋಜನ?”

“ಅಪ್ಪ, ಆ ಸಾಲುಗಳನ್ನ ತೆಗೆದೆ. ಇನ್ನು ಹಾಗಾಗಲ್ಲ. ಆಣೆಗೂ ಆಗಲ್ಲ.”

“ಇರಬಹುದು.” ಅವನು ಹಾಳೆಯನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿ ಅವಳ ಕೈಗೆ ಕೊಟ್ಟ. “ಆದ್ರೆ ಇನ್ಮೇಲೆ ನಾನು ಹೇಳದೇ ಹೋಗ್ತೀನಿ ಕಣೆ. ಹೇಳಿ ಹೋದ್ರೆ ಕಾಯ್ತಾ ಕೂತ್ಬಿಡ್ತೀನಿ.”